ಗುರಿ ತಪ್ಪುವುದು ಕಣ್ಣಿನಿಂದಲೋ, ಕೋವಿಯಿಂದಲೋ?

ಹಳೆಯ ಸ್ಪ್ರಿಂಗ್ ಏರ್‌ಗನ್ನಿನ ದೋಷವನ್ನು ಹುಡುಕುವ ಬಗೆ

ಕುಣಿಯಲಾರದವಳು ನೆಲ ಡೊಂಕು ಎಂದಳೆಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ತನ್ನ ಕೈಯ ಕೊರತೆಯನ್ನು ಉಪಕರಣದ ಮೇಲೆ ಹೊರಿಸುವವರಿಗೆ ಅದು ತಕ್ಕ ಉತ್ತರವೇ ಸರಿ. ಆದರೆ ಒಮ್ಮೊಮ್ಮೆ ನೆಲವೂ ನಿಜವಾಗಿ ಡೊಂಕಾಗಿರುವುದುಂಟು. ಆಗಲೂ ಕುಣಿಯುವವಳನ್ನೇ ಹಳಿದರೆ ಒಳ್ಳೆಯ ನರ್ತಕಿಯೊಬ್ಬಳು ಗೆಜ್ಜೆ ಬಿಚ್ಚಿಡಬೇಕಾದೀತು. ಹಳೆಯ ಸ್ಪ್ರಿಂಗ್ ಏರ್‌ಗನ್ನಿನ ವಿಷಯದಲ್ಲಿ ಈ ಅನ್ಯಾಯವು ಬಹು ಸುಲಭವಾಗಿ ನಡೆದುಹೋಗುತ್ತದೆ.

ಊರು ಬಿಟ್ಟು ಬಂದು ಮಲಾಡಿನಲ್ಲಿ ನೆಲೆಸಿದ ನಮ್ಮ ಜನರ ಮನೆಗಳಲ್ಲಿ, ಊರಿನಿಂದ ತಂದ ಹಿತ್ತಾಳೆಯ ದೀಪ, ಮರದ ಮಣೆ, ಅಡಕೆ ಕತ್ತರಿಗಳ ಜೊತೆಯಲ್ಲಿ ಎಲ್ಲಿಯಾದರೊಂದೆಡೆ ಅಜ್ಜನ ಕಾಲದ ಏರ್‌ಗನ್ನೂ ಇದ್ದೀತು. ತೋಟಕ್ಕೆ ನುಗ್ಗುವ ಮಂಗಗಳನ್ನು ಬೆದರಿಸಲೆಂದು ಕೊಂಡ ಕೋವಿ ಅದು. ಜರ್ಮನಿಯ ರಾಸ್ಟಾಟ್ ಪಟ್ಟಣದ ಡಯಾನಾ ಆಗಿರಬಹುದು, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಬಿ.ಎಸ್.ಎ. ಆಗಿರಬಹುದು, ಇಲ್ಲವೆ ನಮ್ಮ ದೇಶದಲ್ಲಿಯೇ ತಯಾರಾದ ಯಾವುದಾದರೊಂದು ಆಗಿರಬಹುದು. ನವರಾತ್ರಿಯಲ್ಲಿ ಆಯುಧಪೂಜೆಯ ದಿನ ಕುಂಕುಮ ಹಚ್ಚಿಸಿಕೊಂಡು, ಉಳಿದ ದಿನಗಳಲ್ಲಿ ಅದು ಕಪಾಟಿನ ಮೇಲೆ ಮಲಗಿರುತ್ತದೆ.

ಈಗ ಆ ಮನೆಯ ಮೊಮ್ಮಗಳು ಕಾಲೇಜಿನ ಎನ್.ಸಿ.ಸಿ.ಗೆ ಸೇರಿ, ಗುರಿ ಹೊಡೆಯುವ ವಿದ್ಯೆಯನ್ನು ಕಲಿಯಬೇಕೆಂದು ಹಂಬಲಿಸಿದಳೆನ್ನೋಣ. ಅಜ್ಜನ ಕೋವಿ ಕೆಳಗಿಳಿಯುತ್ತದೆ. ಹತ್ತು ಗುಂಡು ಹಾರಿಸಿದರೆ ಹತ್ತೂ ಹತ್ತು ದಿಕ್ಕಿಗೆ. ಎರಡು ವಾರ ಕಳೆಯುವಷ್ಟರಲ್ಲಿ ಮನೆಯವರು, “ಇದು ನಿನಗೆ ಒಲಿಯುವ ವಿದ್ಯೆಯಲ್ಲ” ಎಂದು ತೀರ್ಪು ಕೊಟ್ಟುಬಿಡುತ್ತಾರೆ. ತಪ್ಪು ಹುಡುಗಿಯ ಕಣ್ಣಿನದೋ, ಸಡಿಲವಾದ ಒಂದು ಸ್ಕ್ರೂವಿನದೋ ಎಂದು ಕೇಳುವವರಿಲ್ಲ. ಆ ಪ್ರಶ್ನೆಯನ್ನು ಕೇಳುವ ಕ್ರಮವನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಇದು ಸಣ್ಣ ಮಾತಲ್ಲ. ಚಿಕ್ಕಬಳ್ಳಾಪುರದಲ್ಲಿ ೧೯೭೪ರಲ್ಲಿ ಹುಟ್ಟಿದ ಸುಮಾ ಶಿರೂರ್ ಅವರು ಮುಂಬಯಿಯಲ್ಲಿ ಬೆಳೆದು, ಎನ್.ಸಿ.ಸಿ.ಯ ಮೂಲಕವೇ ಬಂದೂಕನ್ನು ಮೊದಲು ಹಿಡಿದವರು. ಮಹಾರಾಷ್ಟ್ರ ರೈಫಲ್ ಅಸೋಸಿಯೇಶನ್ನಿನಲ್ಲಿ ಸಂಜಯ ಚಕ್ರವರ್ತಿಯವರಲ್ಲಿ ಪಳಗಿದವರು. ೨೦೦೪ರಲ್ಲಿ ಕೌಲಾಲಂಪುರದ ಏಶ್ಯನ್ ಸ್ಪರ್ಧೆಯ ಅರ್ಹತಾ ಸುತ್ತಿನಲ್ಲಿ, ಹತ್ತು ಮೀಟರ್ ಏರ್ ರೈಫಲ್ ವಿಭಾಗದಲ್ಲಿ, ೪೦೦ಕ್ಕೆ ೪೦೦ ಅಂಕ ಗಳಿಸಿ ವಿಶ್ವದಾಖಲೆಯನ್ನು ಸರಿಗಟ್ಟಿದರು. ಆ ಸ್ಪರ್ಧೆಯ ಗುರಿಕಾಗದದ ನಟ್ಟನಡುವಣ ಹತ್ತರ ಚುಕ್ಕೆಯ ಅಡ್ಡಳತೆ ಕೇವಲ ಅರ್ಧ ಮಿಲಿಮೀಟರ್. ಅದನ್ನು ಮುಟ್ಟಬೇಕಾದ ಗುಂಡಿನ ಅಳತೆ ೪.೫ ಮಿಲಿಮೀಟರ್. ಅಂಥ ಸೂಕ್ಷ್ಮ ವಿದ್ಯೆಯ ಮೊದಲ ಮೆಟ್ಟಿಲಿನಲ್ಲಿಯೇ ಕೆಟ್ಟ ಉಪಕರಣದಿಂದಾಗಿ ಎಳೆಯರು ಹಿಂದಿರುಗಿಹೋದರೆ ನಷ್ಟ ಯಾರಿಗೆ?

ಕೋವಿಯೊಳಗೆ ನಡೆಯುವುದೇನು?

ದೋಷವನ್ನು ಹುಡುಕುವ ಮೊದಲು ಯಂತ್ರದ ಸ್ವಭಾವವನ್ನು ಅರಿಯಬೇಕು. ನಳಿಗೆಯನ್ನು ಕೆಳಕ್ಕೆ ಮಡಿಸಿದಾಗ ಒಳಗಿನ ಉಕ್ಕಿನ ಸ್ಪ್ರಿಂಗ್ ಕುಗ್ಗಿ, ಪಿಸ್ಟನ್ ಹಿಂದಕ್ಕೆ ಸರಿದು ಕೊಕ್ಕೆಗೆ ಸಿಕ್ಕಿ ನಿಲ್ಲುತ್ತದೆ. ಟ್ರಿಗರನ್ನು ಎಳೆದೊಡನೆ ಕೊಕ್ಕೆ ಕಳಚಿ, ಪಿಸ್ಟನ್ ಮುಂದಕ್ಕೆ ನುಗ್ಗಿ ತನ್ನ ಮುಂದಿರುವ ಗಾಳಿಯನ್ನು ಒತ್ತುತ್ತದೆ. ಹಾಗೆ ಒತ್ತಲ್ಪಟ್ಟ ಬಿಸಿಗಾಳಿಯು ಕಿರಿದಾದ ರಂಧ್ರದಿಂದ ಹೊರಬಿದ್ದು ಸೀಸದ ಗುಂಡನ್ನು ತಳ್ಳುತ್ತದೆ.

ಇಲ್ಲಿಯೇ ಈ ಕೋವಿಯ ಮರ್ಮವಿರುವುದು. ಪಿಸ್ಟನ್ ಮುಂದೆ ಹೋಗುವಾಗ ಕೋವಿ ಹಿಂದಕ್ಕೆ ಒದೆಯುತ್ತದೆ. ಪಿಸ್ಟನ್ ಗಾಳಿಯ ಮೆತ್ತೆಗೆ ತಾಗಿ ನಿಂತಾಗ ಕೋವಿ ಮುಂದಕ್ಕೆ ಜಗ್ಗುತ್ತದೆ. ಗುಂಡು ನಳಿಗೆಯನ್ನು ಬಿಡುವ ಮೊದಲೇ ಈ ಕುಲುಕಾಟ ಆರಂಭವಾಗಿರುತ್ತದೆ. ಆದುದರಿಂದ ಕೋವಿಯ ಯಾವ ಭಾಗ ಸಡಿಲವಾಗಿದ್ದರೂ, ಹಿಡಿಯುವ ಬಗೆ ತುಸು ಬದಲಾದರೂ ಗುಂಡಿನ ದಾರಿ ಬದಲಾಗುತ್ತದೆ.

ಈ ಕುಲುಕಾಟವನ್ನು ಪಳಗಿಸಲು ಯುರೋಪಿನ ಕುಶಲಿಗಳು ಪಟ್ಟ ಪಾಡು ಅಷ್ಟಿಷ್ಟಲ್ಲ. ಫೈನ್‌ವೆರ್ಕ್‌ಬೌ ಸಂಸ್ಥೆಯವರು ೧೯೬೦ರ ದಶಕದಲ್ಲಿ ಕೋವಿಯ ಲೋಹಭಾಗವೆಲ್ಲವೂ ಮರದ ಮೇಲೆ ಹಳಿಯಲ್ಲಿ ಜಾರುವಂತೆ ಮಾಡಿದರು. ಡಯಾನಾದವರು ಎರಡು ಪಿಸ್ಟನ್ನುಗಳನ್ನು ಒಂದಕ್ಕೊಂದು ವಿರುದ್ಧವಾಗಿ ಓಡಿಸಿ ಒದೆತವನ್ನು ಒದೆತದಿಂದಲೇ ಕೊಂದರು. ಕಡೆಗೆ ಸ್ಪರ್ಧಾಳುಗಳು ಸ್ಪ್ರಿಂಗನ್ನೇ ತೊರೆದು, ಸಿಲಿಂಡರಿನಲ್ಲಿ ಮೊದಲೇ ತುಂಬಿಸಿದ ಗಾಳಿಯ ರೈಫಲುಗಳಿಗೆ ತಿರುಗಿದರು. ಆದರೆ ಅಂಥದೊಂದಕ್ಕೆ ಲಕ್ಷ ರೂಪಾಯಿಗೂ ಮೀರಿದ ಬೆಲೆ ತೆರಬೇಕು. ಕಲಿಕೆಯ ಮೊದಲ ದಿನಗಳಿಗೆ ಮನೆಯಲ್ಲಿರುವ ಹಳೆಯ ಸ್ಪ್ರಿಂಗ್ ಕೋವಿಯೂ ಸಾಕು, ಅದು ಸುಸ್ಥಿತಿಯಲ್ಲಿದ್ದರೆ.

ಮೊದಲು ಕಾಗದವನ್ನು ಓದಿರಿ

ವೈದ್ಯನು ನಾಡಿ ನೋಡದೆ ಮದ್ದು ಕೊಡುವುದಿಲ್ಲ. ಕೋವಿಯ ನಾಡಿ ಗುರಿಕಾಗದದ ಮೇಲಿರುತ್ತದೆ. ಹತ್ತು ಮೀಟರ್ ದೂರದಲ್ಲಿ ಹೊಸ ಕಾಗದವನ್ನಿಟ್ಟು, ಒಂದೇ ಡಬ್ಬಿಯ ಗುಂಡುಗಳಿಂದ, ಒಂದೇ ಬಗೆಯಲ್ಲಿ ಕುಳಿತು, ಒಂದೇ ಬಿಂದುವಿಗೆ ಹತ್ತು ಸಲ ಹೊಡೆಯಬೇಕು. ತೂತುಗಳು ಎಲ್ಲಿ ಬಿದ್ದವೆಂಬುದಕ್ಕಿಂತ ಹೇಗೆ ಬಿದ್ದವೆಂಬುದು ಮುಖ್ಯ.

ತೂತುಗಳು ಒತ್ತಾಗಿ ಒಂದೇ ಕಡೆ ಸೇರಿದ್ದು, ಆ ಗುಂಪು ಮಾತ್ರ ನಡುವಿನಿಂದ ದೂರವಾಗಿದ್ದರೆ ಕೋವಿಯೂ ಕೈಯೂ ನೆಟ್ಟಗಿವೆ. ಸೈಟನ್ನು ಸರಿಪಡಿಸಿದರೆ ತೀರಿತು. ಗುಂಪು ಎರಡಾಗಿ ಒಡೆದಿದ್ದರೆ ಯಾವುದೋ ಒಂದು ಭಾಗವು ಎರಡು ನೆಲೆಗಳ ನಡುವೆ ಓಲಾಡುತ್ತಿದೆಯೆಂದು ಶಂಕಿಸಬೇಕು: ಸೈಟು, ಮರದ ಸ್ಕ್ರೂ ಇಲ್ಲವೆ ನಳಿಗೆಯ ಕೀಲು. ತೂತುಗಳು ಮೇಲಿನಿಂದ ಕೆಳಕ್ಕೆ ಸಾಲಾಗಿ ಬಿದ್ದಿದ್ದರೆ ಗುಂಡಿನ ವೇಗ ಹೆಚ್ಚುಕಡಿಮೆಯಾಗುತ್ತಿರಬಹುದು. ಗಾಳಿ ಸೋರುವಿಕೆ, ಅತಿಯಾದ ಎಣ್ಣೆ, ದಣಿದ ಸ್ಪ್ರಿಂಗ್ ಇವುಗಳಿಂದ ಹೀಗಾಗುತ್ತದೆ. ಒಂದೇ ದಿಕ್ಕಿಗೆ ಸ್ವಲ್ಪ ಸ್ವಲ್ಪವಾಗಿ ಸರಿಯುತ್ತ ಹೋದರೆ ಸೈಟೋ ದುರ್ಬೀನೋ ಪ್ರತಿ ಒದೆತಕ್ಕೂ ಜಾರುತ್ತಿದೆಯೆಂದು ಅರ್ಥ. ಎಲ್ಲೆಡೆ ಚೆಲ್ಲಾಪಿಲ್ಲಿಯಾಗಿದ್ದರೆ ಗುಂಡು, ನಳಿಗೆಯ ಬಾಯಿ, ಹಿಡಿತ ಈ ಮೂರನ್ನೂ ಪರೀಕ್ಷಿಸಬೇಕು.

ಕಾಗದದ ಮೇಲೆ ದಿನಾಂಕವನ್ನೂ ಗುಂಡಿನ ಹೆಸರನ್ನೂ ಬರೆದಿಡಿರಿ. ಮುಂದಿನ ಎಲ್ಲ ಪರೀಕ್ಷೆಗಳಿಗೂ ಎರಡು ನಿಯಮಗಳು ಅನ್ವಯಿಸುತ್ತವೆ. ಖರ್ಚಿಲ್ಲದ್ದನ್ನು ಮೊದಲು ನೋಡಬೇಕು, ಖರ್ಚಿನದನ್ನು ಆಮೇಲೆ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಒಂದೇ ದಿನ ಸ್ಕ್ರೂ ಬಿಗಿದು, ಗುಂಡು ಬದಲಿಸಿ, ಎಣ್ಣೆಯನ್ನೂ ಬಿಟ್ಟರೆ, ಗುಣವಾದದ್ದು ಯಾವುದರಿಂದ ಎಂಬುದು ಎಂದಿಗೂ ತಿಳಿಯದು.

ಸ್ಕ್ರೂ, ಮರ ಮತ್ತು ಮುಂಬಯಿಯ ಮಳೆ

ಮೊದಲ ಪರೀಕ್ಷೆಗೆ ಬೇಕಾದುದು ಒಂದು ಒಳ್ಳೆಯ ತಿರುಪುಳಿ ಮಾತ್ರ. ಮರದ ಹಿಡಿಯ ಮುಂಭಾಗದ ಇಕ್ಕೆಲಗಳಲ್ಲಿರುವ ಸ್ಕ್ರೂಗಳು, ಟ್ರಿಗರಿನ ಕಾವಲುಪಟ್ಟಿಯ ಸ್ಕ್ರೂಗಳು, ನಳಿಗೆ ಮಡಿಯುವ ಕೀಲಿನ ಬೋಲ್ಟು ಇವನ್ನು ಒಂದೊಂದಾಗಿ ನೋಡಬೇಕು. ಪ್ರತಿ ಹೊಡೆತದ ಎರಡು ಜಗ್ಗಾಟಗಳು ಇವನ್ನು ಸಡಿಲಿಸುತ್ತಲೇ ಇರುತ್ತವೆ. ಅದರ ಮೇಲೆ ನಮ್ಮ ಮುಂಬಯಿಯ ಹವೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಮರವು ತೇವ ಕುಡಿದು ಉಬ್ಬುತ್ತದೆ. ಮಳೆ ನಿಂತು ಒಣಹವೆ ಬಂದಾಗ ಕುಗ್ಗುತ್ತದೆ. ಆಷಾಢದಲ್ಲಿ ಬಿಗಿಯಾಗಿದ್ದ ಸ್ಕ್ರೂ ಮಾಘದಲ್ಲಿ ಸಡಿಲವಾಗಿರುವುದು ಸಹಜ. ಬಿಗಿಯುವಾಗಲೂ ಬಲಪ್ರದರ್ಶನ ಬೇಡ. ಹಳೆಯ ಮರ ಸೀಳೀತು.

ನಳಿಗೆಯನ್ನು ಮುಚ್ಚಿದ ಸ್ಥಿತಿಯಲ್ಲಿ ಮೆಲ್ಲನೆ ಎಡಬಲಕ್ಕೆ ಅಲ್ಲಾಡಿಸಿ ನೋಡಿರಿ. ಕೂದಲೆಳೆಯಷ್ಟು ಆಟವಿದ್ದರೂ ಕೀಲಿನ ಬೋಲ್ಟನ್ನು ಬಿಗಿಯಬೇಕು. ಸೈಟುಗಳನ್ನೂ ಬೆರಳಿನಿಂದ ಒತ್ತಿ ನೋಡಿರಿ. ಮಾರ್ವೆ, ಆಕ್ಸಾ, ಮಢ್ ಕಡೆಯ ಮನೆಗಳವರಿಗೆ ಉಪ್ಪುಗಾಳಿಯ ಕಾಟವನ್ನು ಬೇರೆ ಹೇಳಬೇಕಾಗಿಲ್ಲ. ತುಕ್ಕು ಹಿಡಿದ ಸೈಟಿನ ಪುಟ್ಟ ಸ್ಪ್ರಿಂಗ್ ಪಟ್ಟಿಯು ತನ್ನ ಹಲ್ಲಿನಲ್ಲಿ ಕೂರದೆ ಜಾರುವುದುಂಟು.

ದುರ್ಬೀನು ಹಾಕಿಸಿಕೊಂಡವರಿಗೆ ಒಂದು ಎಚ್ಚರಿಕೆ. ಒದೆತ ಹಿಂದಕ್ಕೆ ಮಾತ್ರವಿರುವ ಬಂದೂಕಿಗೆಂದು ಮಾಡಿದ ದುರ್ಬೀನು, ಮುಂದಕ್ಕೂ ಜಗ್ಗುವ ಸ್ಪ್ರಿಂಗ್ ಕೋವಿಯ ಮೇಲೆ ಒಳಗಿಂದೊಳಗೇ ಕೆಡಬಹುದು. ಅನುಮಾನ ಬಂದರೆ ಅದನ್ನು ಕಳಚಿ, ಕೋವಿಯೊಡನೆ ಬಂದ ತೆರೆದ ಸೈಟಿನಿಂದಲೇ ಹೊಡೆದು ನೋಡುವುದು ಲೇಸು.

ಗುಂಡು ಮತ್ತು ನಳಿಗೆ

ಎರಡನೆಯ ಪರೀಕ್ಷೆ ಗುಂಡಿನದು. ಏರ್‌ಗನ್ನಿನ ಸೀಸದ ಪೆಲೆಟ್ಟಿಗೆ ಸೊಂಟ ಸಣ್ಣ, ಹಿಂಭಾಗ ಲಂಗದಂತೆ ಅಗಲ. ಗಾಳಿಯೊತ್ತಡಕ್ಕೆ ಈ ತೆಳುವಾದ ಲಂಗವು ಅರಳಿ ನಳಿಗೆಯ ಗೋಡೆಗೆ ಅಂಟಿಕೊಂಡು, ಒಳಗಿನ ಸುರುಳಿಗೆರೆಗಳನ್ನು ಹಿಡಿದು ತಿರುಗುತ್ತ ಹೋಗುತ್ತದೆ. ಲಂಗ ಸೊಟ್ಟಾದರೆ ಗುಂಡಿನ ದಾರಿಯೂ ಸೊಟ್ಟ. ಅಗ್ಗದ ಡಬ್ಬಿಯಿಂದ ಇಪ್ಪತ್ತು ಗುಂಡುಗಳನ್ನು ಬಿಳಿಯ ಬಟ್ಟೆಯ ಮೇಲೆ ಹರಡಿ ನೋಡಿರಿ: ಜಜ್ಜಿದವು, ಅಂಚು ಹರಿದವು, ಬಿಳಿಯ ಪುಡಿ ಹಿಡಿದವು ಕಂಡುಬಂದಾವು. ಅವನ್ನು ಆಯ್ದು ತೆಗೆದು, ಉಳಿದವುಗಳಿಂದ ಹೊಡೆದು ಹೋಲಿಸಬೇಕು.

ಒಂದೇ ಅಳತೆಯೆಂದು ಬರೆದಿದ್ದರೂ ಬೇರೆ ಬೇರೆ ತಯಾರಕರ ಗುಂಡುಗಳಲ್ಲಿ ಕೂದಲೆಳೆಯ ವ್ಯತ್ಯಾಸವಿರುತ್ತದೆ. ಪ್ರತಿ ನಳಿಗೆಗೂ ತನ್ನದೇ ಆದ ರುಚಿಯಿದೆ. ನೆರೆಮನೆಯವರ ಕೋವಿಗೆ ಒಪ್ಪಿದ ಗುಂಡು ನಿಮ್ಮದಕ್ಕೆ ಒಪ್ಪಬೇಕೆಂದಿಲ್ಲ. ಎರಡು ಮೂರು ಬಗೆಯ ಗುಂಡುಗಳನ್ನು ತಂದು, ಬಗೆಗೊಂದು ಕಾಗದದ ಮೇಲೆ ಹತ್ತು ಹತ್ತು ಹೊಡೆದು, ಅತಿ ಒತ್ತಾದ ಗುಂಪು ಯಾವುದೆಂದು ನೋಡಿರಿ. ಗುಂಡನ್ನು ತುಂಬುವಾಗ ಅದರ ಹಿಂಭಾಗವು ನಳಿಗೆಯ ಬುಡಕ್ಕೆ ಸಮನಾಗುವಂತೆ ಪ್ರತಿ ಸಲವೂ ಒಂದೇ ಬಗೆಯಾಗಿ ಒತ್ತಬೇಕು.

ಇನ್ನು ನಳಿಗೆ. ವರ್ಷಗಟ್ಟಲೆ ಒಳಗೆ ಕುಳಿತ ಸೀಸದ ಕಿಟ್ಟ, ಒಣಗಿದ ಎಣ್ಣೆ, ಧೂಳು ಇವನ್ನು ತೆಗೆಯಲು ಮೀನಿನ ಗಾಳದ ಗಟ್ಟಿ ದಾರಕ್ಕೆ ಮೆತ್ತನೆಯ ಹತ್ತಿಬಟ್ಟೆಯ ತುಂಡನ್ನು ಕಟ್ಟಿ, ಬುಡದಿಂದ ಬಾಯಿಯ ಕಡೆಗೆ ಎಳೆಯಬೇಕು. ಬಟ್ಟೆ ಬೆಳ್ಳಗೆ ಹೊರಬರುವವರೆಗೆ ತುಂಡುಗಳನ್ನು ಬದಲಿಸುತ್ತಿರಬೇಕು. ಉಕ್ಕಿನ ತಂತಿಯ ಬ್ರಶ್ಶು ಸರ್ವಥಾ ಕೂಡದು. ಚೊಕ್ಕಟವಾದ ನಳಿಗೆ ಮೊದಲ ಹತ್ತಿಪ್ಪತ್ತು ಗುಂಡುಗಳಿಗೆ ಅಲ್ಲಿ ಇಲ್ಲಿ ಹೊಡೆದು ಆಮೇಲೆ ನೆಲೆಗೊಂಡರೆ ಹೆದರಬೇಕಾಗಿಲ್ಲ.

ಬಾಯಿಯ ಅಂಚು ಎಲ್ಲಕ್ಕಿಂತ ನಾಜೂಕು. ಗುಂಡನ್ನು ಕೊನೆಯದಾಗಿ ಸ್ಪರ್ಶಿಸುವುದು ಅದೇ. ಕೋವಿಯನ್ನು ತಲೆಕೆಳಗಾಗಿ ನೆಲಕ್ಕೂರಿ ನಿಲ್ಲಿಸುವ ಅಭ್ಯಾಸದಿಂದ ಅಲ್ಲಿ ಗಾಯಗಳಾಗುತ್ತವೆ. ಸ್ವಲ್ಪ ಹತ್ತಿಯನ್ನು ಬಾಯಿಯ ಅಂಚಿನ ಸುತ್ತಲೂ ತಿರುವಿರಿ. ಎಳೆ ಎಲ್ಲಿ ಸಿಕ್ಕಿಕೊಳ್ಳುವುದೋ ಅಲ್ಲಿ ಮುಳ್ಳಿದೆ. ಅದನ್ನು ಅರದಿಂದ ತಾವೇ ಉಜ್ಜಲು ಹೋಗದೆ, ಲೇಥ್ ಕೆಲಸ ಬಲ್ಲ ಕುಶಲಿಯಿಂದ ಅಂಚನ್ನು ಸಮಮಾಡಿಸಬೇಕು.

ಹಿಡಿತದ ಗುಟ್ಟು

ಕೋವಿಯನ್ನು ಬಿಚ್ಚಿಸುವ ಮೊದಲು ಇನ್ನೊಂದು ಖರ್ಚಿಲ್ಲದ ಪರೀಕ್ಷೆಯಿದೆ. ಬಂದೂಕೆಂದರೆ ಭುಜಕ್ಕೆ ಬಿಗಿಯಾಗಿ ಒತ್ತಿ, ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಡಿಯಬೇಕೆಂಬುದು ಸಾಮಾನ್ಯ ನಂಬಿಕೆ. ಸ್ಪ್ರಿಂಗ್ ಕೋವಿಗೆ ಇದು ಹೊಂದದು. ಬಿಗಿ ಹಿಡಿತ ಪ್ರತಿ ಸಲವೂ ಒಂದೇ ಅಳತೆಯಲ್ಲಿರಲು ಸಾಧ್ಯವಿಲ್ಲ; ಅದು ಬದಲಾದಂತೆ ಕೋವಿಯ ಕುಲುಕಾಟವೂ ಬದಲಾಗುತ್ತದೆ. ಮುಂಗೈಯನ್ನು ತೆರೆದು, ಮಗುವಿನ ತಲೆಗೆ ಆಸರೆ ಕೊಟ್ಟಂತೆ ಅಂಗೈಯ ಮೇಲೆ ಮರವನ್ನು ಮೆಲ್ಲಗೆ ಇರಿಸಿಕೊಳ್ಳಬೇಕು, ಬೆರಳುಗಳು ಹಿಡಿಯಬಾರದು. ಭುಜಕ್ಕೂ ಹಗುರವಾಗಿ ತಾಗಿರಲಿ. ಕೋವಿಯು ತನ್ನಿಚ್ಛೆಯಂತೆ ಹಿಂದೆ ಮುಂದೆ ಸರಿಯಲಿ; ಆಗ ಅದು ಪ್ರತಿ ಸಲವೂ ಒಂದೇ ರೀತಿಯಾಗಿ ಸರಿಯುತ್ತದೆ.

ಮೇಜಿನ ಗಟ್ಟಿ ಅಂಚಿನ ಮೇಲೋ ಕಿಟಕಿಯ ಚೌಕಟ್ಟಿನ ಮೇಲೋ ನೇರವಾಗಿ ಊರಿ ಹೊಡೆದರೆ ಗುಂಪು ಕೆಡುತ್ತದೆ. ಆಸರೆ ಬೇಕಾದರೆ ಮೆತ್ತನೆಯ ದಿಂಬನ್ನಿಟ್ಟು ಅದರ ಮೇಲೆ ಅಂಗೈ, ಅಂಗೈಯ ಮೇಲೆ ಕೋವಿ ಎಂಬ ಕ್ರಮವಿರಲಿ. ಅಂಗೈ ಇರಿಸುವ ಜಾಗಕ್ಕೆ ಸೀಮೆಸುಣ್ಣದಿಂದ ಗುರುತು ಮಾಡಿ, ಪ್ರತಿ ಸಲವೂ ಅಲ್ಲಿಯೇ ಇರಿಸಬೇಕು. ಗುಂಡು ಹಾರಿದ ಮೇಲೂ ಒಂದು ಕ್ಷಣ ಕಣ್ಣನ್ನು ಸೈಟಿನಿಂದ ತೆಗೆಯಬಾರದು. ಒಳಗೆ ಏನೋ ಮುರಿದಿದೆಯೆಂದು ಎಣಿಸಿದ್ದ ಎಷ್ಟೋ ಕೋವಿಗಳು ಈ ಹಿಡಿತವೊಂದರಿಂದಲೇ ನೆಟ್ಟಗಾಗುತ್ತವೆ.

ಒಳಗಿನ ರೋಗಗಳು

ಇಷ್ಟಾದರೂ ಗುಣ ಕಾಣದಿದ್ದರೆ ಗಾಳಿಯ ಸೋರಿಕೆಯನ್ನು ನೋಡಬೇಕು. ನಳಿಗೆಯ ಬುಡದಲ್ಲಿ, ಅದು ಕೋವಿಯ ಒಡಲನ್ನು ಸೇರುವಲ್ಲಿ, ತೊಗಲಿನ ಇಲ್ಲವೆ ರಬ್ಬರಿನ ಒಂದು ಬಳೆಯಿದೆ. ತೆಳುವಾದ ಕಾಗದದ ಎಳೆಯೊಂದನ್ನು ಆ ಸಂದಿನ ಮೇಲಿರಿಸಿ, ಎಂದಿನಂತೆ ಗುಂಡು ತುಂಬಿ ಹೊಡೆಯಿರಿ. ಎಳೆ ಹಾರಿದರೆ ಗಾಳಿ ಅಲ್ಲಿಂದ ಸೋರುತ್ತಿದೆ, ಬಳೆಯನ್ನು ಬದಲಿಸಬೇಕು. ಇದಕ್ಕೆ ಹೆಚ್ಚು ಹಣ ಬೇಕಾಗದು.

ಪಿಸ್ಟನ್ನಿನ ತುದಿಯ ವಾಷರು ಹಳೆಯ ಕೋವಿಗಳಲ್ಲಿ ಬಹುಶಃ ತೊಗಲಿನದು. ಒಣಗಿದರೆ ಅದು ಗಾಳಿಯನ್ನು ಹಿಡಿಯಲಾರದು. ಎರಡು ಹನಿ ತಕ್ಕ ಎಣ್ಣೆ ಬಿಟ್ಟು, ಒಂದು ರಾತ್ರಿ ನಿಲ್ಲಿಸಿದರೆ ಮತ್ತೆ ಮೆತ್ತಗಾಗುತ್ತದೆ. ಆದರೆ ಎರಡು ಹನಿ ಒಳ್ಳೆಯದಾದರೆ ಇಪ್ಪತ್ತು ಹನಿ ಇನ್ನೂ ಒಳ್ಳೆಯದೆಂಬ ತರ್ಕ ಇಲ್ಲಿ ನಡೆಯದು. ಒತ್ತಲ್ಪಟ್ಟ ಗಾಳಿಯ ಕಾವಿಗೆ ಹೆಚ್ಚಿನ ಎಣ್ಣೆ ಹೊತ್ತಿಕೊಂಡು, ಡೀಸೆಲ್ ಎಂಜಿನ್ನಿನಲ್ಲಾಗುವಂತೆ ಸಿಡಿಯುತ್ತದೆ. ದೊಡ್ಡ ಸದ್ದು, ಬಾಯಿಯಲ್ಲಿ ಹೊಗೆ, ಸುಟ್ಟ ವಾಸನೆ ಇವು ಅದರ ಲಕ್ಷಣಗಳು. ಒಂದು ಗುಂಡು ರಭಸದಿಂದಲೂ ಇನ್ನೊಂದು ಮಂದವಾಗಿಯೂ ಹೋಗಿ ಕಾಗದದ ಮೇಲೆ ಉದ್ದ ಸಾಲು ಬೀಳುತ್ತದೆ.

ಸ್ಪ್ರಿಂಗ್ ದಣಿದಿದ್ದರೆ ಗುಂಡು ಕೆಳಗೆ ಬೀಳುತ್ತದೆ. ಡೊಂಕಾಗಿದ್ದರೆ ಹೊಡೆದಾಗ ಒಳಗೆ ಝಣಝಣವೆನ್ನುತ್ತದೆ. ಕೋವಿಯನ್ನು ಮಡಿಸಿ ಸಜ್ಜುಮಾಡಿದ ಸ್ಥಿತಿಯಲ್ಲಿ ಗಂಟೆಗಟ್ಟಲೆ ಬಿಟ್ಟುಬಿಡುವುದು, ಗುಂಡಿಲ್ಲದೆ ಬರಿದೇ ಹೊಡೆಯುವುದು, ಇವೆರಡೂ ಸ್ಪ್ರಿಂಗಿನ ಆಯುಷ್ಯವನ್ನು ತಿನ್ನುತ್ತವೆ. ಬದಲಿಸುವಾಗ ಮೂಲದಷ್ಟೇ ಬಲದ ಸ್ಪ್ರಿಂಗನ್ನು ಹಾಕಿಸಬೇಕು. ಹೆಚ್ಚು ಬಲದ ಸ್ಪ್ರಿಂಗಿನಿಂದ ಹೆಚ್ಚುವುದು ಕುಲುಕಾಟ, ನಿಖರತೆಯಲ್ಲ.

ಮಡಿಸಿದ ನಳಿಗೆಯನ್ನು ಹಿಂದಿರುಗಿಸುವ ಮೊದಲೇ ಯಾರಾದರೂ ಟ್ರಿಗರನ್ನು ಎಳೆದಿದ್ದರೆ, ನಳಿಗೆಯು ರಭಸದಿಂದ ಬಡಿದು ಮೇಲಕ್ಕೆ ಬಾಗಿರುವುದೂ ಉಂಟು. ಸೈಟನ್ನು ಎಷ್ಟು ಇಳಿಸಿದರೂ ಗುಂಡು ಮೇಲೆಯೇ ಬೀಳುತ್ತಿದ್ದರೆ ಇದನ್ನು ಸಂಶಯಿಸಬೇಕು.

ಕೋವಿಯನ್ನು ಬಿಚ್ಚುವ ಕೆಲಸಕ್ಕೆ ಮನೆಯಲ್ಲಿ ಕೈಹಾಕಬಾರದು. ಒಳಗಿನ ಸ್ಪ್ರಿಂಗ್ ಸುಮ್ಮನಿರುವಾಗಲೂ ಒತ್ತಡದಲ್ಲಿಯೇ ಇರುತ್ತದೆ. ಹಿಡಿದಿಡುವ ಸಾಧನವಿಲ್ಲದೆ ಹಿಂಬದಿಯ ಮುಚ್ಚಳವನ್ನು ಕಳಚಿದರೆ ಅದು ಸಿಡಿದು ಮುಖವನ್ನೇ ಒಡೆಯಬಲ್ಲುದು. ಗುಂಡು ತುಂಬುವಾಗಲೂ ಒಂದು ಕೈ ನಳಿಗೆಯನ್ನು ಬಿಡದೆ ಹಿಡಿದಿರಬೇಕು. ಕೊಕ್ಕೆ ಸವೆದಿದ್ದರೆ ನಳಿಗೆ ತಾನಾಗಿ ಮುಚ್ಚಿಕೊಂಡು ಬೆರಳನ್ನು ಕತ್ತರಿಸೀತು.

ಕೊನೆಯ ತೀರ್ಪು ಎಲ್ಲಿ?

ಇಷ್ಟೆಲ್ಲ ಆದ ಮೇಲೂ ಸಂಶಯ ಉಳಿದರೆ ಅದಕ್ಕೊಂದು ನ್ಯಾಯವಾದ ಪರೀಕ್ಷೆಯುಂಟು. ನುರಿತ ಗುರಿಕಾರರೊಬ್ಬರ ಕೈಗೆ ನಿಮ್ಮ ಕೋವಿಯನ್ನು ಕೊಡಿ; ಅವರ ಸುಸ್ಥಿತಿಯ ಕೋವಿಯಿಂದ ನಿಮ್ಮ ಮಗಳು ಹೊಡೆಯಲಿ. ಅವರ ಕೈಯಲ್ಲಿಯೂ ನಿಮ್ಮ ಕೋವಿ ಚೆಲ್ಲಾಡಿದರೆ ದೋಷ ಕೋವಿಯದು. ಅವರ ಕೋವಿಯಿಂದಲೂ ಮಗಳ ಗುಂಡುಗಳು ಚೆಲ್ಲಾಡಿದರೆ ಬೇಕಾದುದು ಅಭ್ಯಾಸ. ಎರಡರಲ್ಲಿ ಯಾವುದಾದರೂ ನಾಚಿಕೆಪಡುವಂಥದೇನಿಲ್ಲ.

ಇಂಥ ಪರೀಕ್ಷೆಗೆ ಮಲಾಡಿನ ಚಾಳಿನ ಓಣಿಯಾಗಲಿ ಕಟ್ಟಡದ ಗಚ್ಚಾಗಲಿ ತಕ್ಕ ಜಾಗವಲ್ಲ. ಗುಂಡು ಹಲಗೆಗೆ ಬಡಿದು ಹಿಂದಕ್ಕೆ ಪುಟಿದು ಕಣ್ಣನ್ನು ತೆಗೆಯಬಲ್ಲುದು. ಗುರಿ ತಪ್ಪಿದ್ದು ನೆರೆಯವರ ಕಿಟಕಿಯನ್ನು ಹೊಕ್ಕೀತು. ವರ್ಲಿಯಲ್ಲಿ ಮಹಾರಾಷ್ಟ್ರ ರೈಫಲ್ ಅಸೋಸಿಯೇಶನ್ನಿನ ಗುರಿತಾಣವಿದೆ. ಮಲಾಡಿನಿಂದ ನಿಧಾನಗತಿಯ ಲೋಕಲ್ ಹಿಡಿದು ಮಹಾಲಕ್ಷ್ಮಿಯಲ್ಲಿಳಿದರೆ ಅಲ್ಲಿಂದ ದೂರವಿಲ್ಲ. ಮೊದಲೇ ವಿಚಾರಿಸಿ, ಅಲ್ಲಿಯ ನಿಯಮಗಳನ್ನು ತಿಳಿದು ಹೋಗಬೇಕು. ಕೋವಿಯನ್ನು ಒಯ್ಯುವಾಗ ಗುಂಡಿಲ್ಲದೆ, ಮುಚ್ಚಿದ ಚೀಲದಲ್ಲಿ, ಗುರುತಿನ ಚೀಟಿಯೊಡನೆ ಒಯ್ಯಬೇಕು. ಹೊಡೆಯುವಾಗ ಕಣ್ಣಿಗೆ ಕನ್ನಡಕವಿರಲಿ. ಸೀಸ ಮುಟ್ಟಿದ ಕೈಯನ್ನು ಸಾಬೂನಿನಿಂದ ತೊಳೆಯದೆ ತಿಂಡಿ ಮುಟ್ಟಬಾರದು.

ಕಾನೂನಿನ ಮಾತೂ ಒಂದಿದೆ. ೨೦೧೬ರ ಆಯುಧ ನಿಯಮಗಳ ಪ್ರಕಾರ ನಳಿಗೆಯ ಅಳತೆ ೪.೫ ಮಿಲಿಮೀಟರನ್ನು, ಗುಂಡಿನ ಶಕ್ತಿ ೨೦ ಜೂಲನ್ನು ಮೀರದ ಏರ್‌ಗನ್ನಿಗೆ ಪರವಾನೆ ಬೇಕಿಲ್ಲ. ಅಜ್ಜನ ಕೋವಿ ಅದಕ್ಕಿಂತ ದೊಡ್ಡ ನಳಿಗೆಯದಾಗಿದ್ದರೆ ಪೋಲೀಸ್ ಠಾಣೆಯಲ್ಲಿ ವಿಚಾರಿಸಿಯೇ ಮುಂದುವರಿಯತಕ್ಕದ್ದು.

ಹಕ್ಕಿಗಳ ಮೇಲೆ ಅದನ್ನು ಎತ್ತಲೇಕೂಡದು. ಮಲಾಡಿನ ಪೂರ್ವಕ್ಕೆ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನ, ಪಶ್ಚಿಮಕ್ಕೆ ಖಾಡಿಯ ಕಾಂಡ್ಲಾಕಾಡು. ಎರಡರಲ್ಲಿಯೂ ಹಕ್ಕಿಗಳು ತುಂಬಿವೆ, ಅವುಗಳಿಗೆ ೧೯೭೨ರ ವನ್ಯಜೀವಿ ರಕ್ಷಣಾ ಕಾಯಿದೆಯ ಆಸರೆಯಿದೆ. ಈಶಾನ್ಯದ ಅರುಣಾಚಲ ಪ್ರದೇಶದಲ್ಲಿ ೨೦೨೧ರಲ್ಲಿ ಹಕ್ಕಿಗಳನ್ನು ಉಳಿಸಲೆಂದೇ ಸರ್ಕಾರವು ಏರ್‌ಗನ್ ಒಪ್ಪಿಸುವ ಅಭಿಯಾನವನ್ನು ಹೂಡಿದಾಗ ಜನರು ತಾವಾಗಿ ಬಂದು ತಮ್ಮ ಕೋವಿಗಳನ್ನು ಒಪ್ಪಿಸಿದರು. ಕಾಗದದ ಮೇಲಿನ ಚುಕ್ಕೆಯೇ ಈ ಕೋವಿಗೆ ತಕ್ಕ ಗುರಿ.

ಆ ಚುಕ್ಕೆಯನ್ನು ತಲುಪಲಾರದೆ ನಿಮ್ಮ ಮನೆಯ ಮಕ್ಕಳು ಮುಖ ಬಾಡಿಸಿಕೊಂಡಾಗ, ತೀರ್ಪು ಹೇಳುವ ಮೊದಲು ಒಂದು ತಿರುಪುಳಿಯನ್ನು ಕೈಗೆ ತೆಗೆದುಕೊಳ್ಳಿರಿ. ಸ್ಕ್ರೂ ಸಡಿಲವಾಗಿದ್ದರೆ ಬಿಗಿಯುವುದಕ್ಕೆ ಎರಡು ನಿಮಿಷ ಸಾಕು. ಸಡಿಲವಾದ ಆತ್ಮವಿಶ್ವಾಸವನ್ನು ಬಿಗಿಯಲು ವರ್ಷಗಳೇ ಬೇಕಾಗುತ್ತವೆ.